ಪದ್ಮಿನಿ, ಮಾರುತಿ 800: ಎರಡನ್ನೂ ಓಡಿಸಿದ ಮೇಲೆ

ಬಾನೆಟ್ ಎತ್ತಿ ನೋಡಿ. ಪ್ರೀಮಿಯರ್ ಪದ್ಮಿನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಮಾರುತಿ 800ರಲ್ಲಿ ಅಡ್ಡಕ್ಕೆ. ಇವೆರಡರ ನಡುವಿನ ಬಹುಪಾಲು ವ್ಯತ್ಯಾಸಕ್ಕೆ ಇದೇ ಮೂಲ.

ಪದ್ಮಿನಿಯ ಬೇರು 1960ರ ದಶಕದ ಫಿಯೆಟ್ 1100ರಲ್ಲಿದೆ: 1089 ಸಿಸಿ, ನಾಲ್ಕು ಸಿಲಿಂಡರ್, ತಿರುಗಿಸುವುದು ಹಿಂದಿನ ಚಕ್ರಗಳನ್ನು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿಗೆ 796 ಸಿಸಿ, ಮೂರೇ ಸಿಲಿಂಡರ್, ಎಳೆಯುವುದು ಮುಂದಿನ ಚಕ್ರಗಳು. ನಾನು ಓಡಿಸಿದ್ದು ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವ ಪದ್ಮಿನಿ ಮತ್ತು 1986ರ ನಂತರದ ಆಕಾರದ, ಕಾರ್ಬುರೇಟರಿನ 800.

ಪದ್ಮಿನಿ ಸುಮಾರು 3.9 ಮೀಟರ್ ಉದ್ದ, ಮಾರುತಿ 3.3. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದಲ್ಲಿ ಪದ್ಮಿನಿ ಮುಂದಿರುವುದು ಒಂದು ಗೇಣಿಗಿಂತ ಕಡಿಮೆ. ಮಿಕ್ಕ ಉದ್ದವೆಲ್ಲ ಮೂತಿಗೂ ಡಿಕ್ಕಿಗೂ ಹೋಗಿದೆ. ಅಷ್ಟು ಪುಟ್ಟ ಕಾರಿನೊಳಗೆ ನಾಲ್ವರನ್ನು ಕೂರಿಸಿದ ಮಾರುತಿಯ ವಿನ್ಯಾಸ ನನಗೆ ಇವತ್ತಿಗೂ ಬೆರಗು. ಡಿಕ್ಕಿಯ ವಿಷಯದಲ್ಲಿ ಮಾತ್ರ ಪೈಪೋಟಿಯೇ ಇಲ್ಲ. ಎರಡು ಸೂಟ್‌ಕೇಸ್ ಇಟ್ಟರೆ 800ರದ್ದು ಮುಗಿಯಿತು.

ಒಬ್ಬರೇ ಓಡಿಸುವಾಗ ಮಾರುತಿ ಹಗುರ, ಚುರುಕು. ಕ್ಲಚ್ ಮೆತ್ತಗೆ, ಇಕ್ಕಟ್ಟಿನಲ್ಲೂ ಸಲೀಸಾಗಿ ತಿರುಗುತ್ತದೆ. ಪದ್ಮಿನಿಯ ಸ್ಟೇರಿಂಗಿಗೆ ನಿಂತಲ್ಲಿ ತೋಳಿನ ಬಲವೇ ಬೇಕು, ಗೇರ್ ಕೈಗೆ ಒಗ್ಗಲು ಸಮಯ ಹಿಡಿಯುತ್ತದೆ. ಒಗ್ಗಿದ ಮೇಲೆ ಅದು ಇಷ್ಟವಾಗುತ್ತದೆ, ಮುಂದಿನ ಉದ್ದ ಸೀಟಿನಲ್ಲಿ ಮಗುವೊಂದು ನಡುವೆ ಕೂತರೂ ಕಾಲಿಗೆ ಗೇರ್ ಅಡ್ಡ ಬರುವುದಿಲ್ಲ.

ಆದರೆ ಮನೆಮಂದಿ ಹತ್ತಿದ ಮೇಲೆ ಲೆಕ್ಕ ಬದಲಾಗುತ್ತದೆ. ಮಾರುತಿಯ ತೂಕ ಸುಮಾರು 650 ಕೆಜಿ, ಪದ್ಮಿನಿಯದ್ದು 900ರ ಹತ್ತಿರ. ಐದು ಜನರ ಭಾರ ಮಾರುತಿಗೆ ಅದರ ಅರ್ಧ ತೂಕದಷ್ಟೇ ಆಯಿತು. ಏರು ಬಂದಾಗ ಎರಡನೇ ಗೇರ್, ಹಳ್ಳ ಬಂದಾಗ ಹಿಂದೆ ಕೂತವರಿಗೆ ಕುಲುಕು. ಪದ್ಮಿನಿ ವೇಗವಾಗಿ ಏರುವುದಿಲ್ಲ, ಆದರೆ ಅದರ 14 ಇಂಚಿನ ಚಕ್ರಗಳು ಮಾರುತಿಯ 12 ಇಂಚಿನವಕ್ಕಿಂತ ಹಳ್ಳವನ್ನು ಸಮಾಧಾನವಾಗಿ ದಾಟುತ್ತವೆ. ಹಿಂದಿನ ಸೀಟಿನಲ್ಲಿ ವಯಸ್ಸಾದವರು ನಿದ್ದೆ ಮಾಡಬಲ್ಲರು.

ದಿನನಿತ್ಯದ ಓಡಾಟಕ್ಕೆ ನನ್ನ ಆಯ್ಕೆ 800, ಅನುಮಾನವೇ ಇಲ್ಲ. ಎಲ್ಲರೂ ಸೇರಿ ದೂರ ಹೊರಟರೆ ಪದ್ಮಿನಿ. ಅದರ ನಾಲ್ಕೂ ಚಕ್ರಕ್ಕೆ ಇರುವುದು ಬಿಡದೆ ಒತ್ತಿದರೆ ಬಿಸಿಯಾಗಿ ಹಿಡಿತ ತಗ್ಗುವ ಡ್ರಮ್ ಬ್ರೇಕ್, ಹಾಗಾಗಿ ಇಳಿಜಾರಿನಲ್ಲಿ ಕೆಳಗಿನ ಗೇರ್‌ಗೆ ಬಂದು, ಮುಂದಿನ ವಾಹನದಿಂದ ಧಾರಾಳ ಅಂತರ ಬಿಟ್ಟು ಓಡಿಸುತ್ತೇನೆ.