ಮೊದಲ ಕ್ರಾಫ್ಟ್ ಬಿಯರ್: ಗೋಧಿಯೋ, ಐಪಿಎಯೋ, ಸ್ಟೌಟೋ?

ಲಾಗರ್‌ಗೆ, ಅಂದರೆ ಅಂಗಡಿಯ ಮಾಮೂಲಿ ಬಿಯರ್‌ಗೆ ಒಗ್ಗಿದ ಬಾಯಿಗೆ, ಸಣ್ಣ ತಯಾರಕರ ಕ್ರಾಫ್ಟ್ ಬಿಯರ್‌ಗಳಲ್ಲಿ ಗೋಧಿ ಬಿಯರೇ ಸಲೀಸು. ಹೆಫೆವೈಜನ್ ಎಂಬ ಜರ್ಮನ್ ಗೋಧಿ ಬಿಯರ್‌ನ ಬಾಳೆಹಣ್ಣು, ಲವಂಗದ ಪರಿಮಳ ಯೀಸ್ಟ್‌ನದ್ದು; ಅದಕ್ಕೆ ಹಣ್ಣು ಹಾಕಿರುವುದಿಲ್ಲ. ಕಹಿ ಕಮ್ಮಿ, ಆಲ್ಕೋಹಾಲ್ ಶೇ. 5ರ ಆಸುಪಾಸು. ಮುಕ್ಕಾಲು ಸುರಿದ ಮೇಲೆ ಬಾಟಲಿ ಮೆಲ್ಲಗೆ ತಿರುಗಿಸಿ, ತಳದ ಯೀಸ್ಟ್ ಸಮೇತ ಉಳಿದದ್ದನ್ನು ಬಗ್ಗಿಸಿ. ರವೆ ಹಚ್ಚಿ ಕರಿದ ಕಾಣೆ ಮೀನಿಗೆ ಇದು ಚೆನ್ನ.

ಐಪಿಎಯಲ್ಲಿ (ಇಂಡಿಯಾ ಪೇಲ್ ಏಲ್) ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನದೇ ದರ್ಬಾರು. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 6–7. ಮಸಾಲೆ ಬಂಗಡೆ ಜೊತೆ ಕುಡಿದರೆ ಕಹಿ, ಖಾರ ಎರಡೂ ಏರುತ್ತವೆ. ಖಾರಪ್ರಿಯರಿಗೆ ಅದೇ ಬೇಕು, ಉಳಿದವರು ಸುಸ್ತು. ಹಾಪ್ಸ್ ಪರಿಮಳ ಬೇಗ ಆರುತ್ತದೆ, ಕಾರವಾರದ ಸೆಕೆಯಲ್ಲಿ ಹೊರಗಿಟ್ಟರೆ ಇನ್ನೂ ಬೇಗ. ದಿನಾಂಕ ನೋಡಿ, ಮೂರು ತಿಂಗಳೊಳಗಿನದನ್ನೇ, ಫ್ರಿಜ್‌ನಲ್ಲಿದ್ದದ್ದನ್ನೇ ಕೊಳ್ಳಿ. ಹಸಿರು ಬಾಟಲಿಗೆ ಬಿಸಿಲು ತಾಗಿದರೆ ನಾರುತ್ತದೆ, ಕ್ಯಾನ್ ಕ್ಷೇಮ.

ಶಿರಸಿಯ ಮಳೆಗಾಲದ ಸಂಜೆಗೆ, ಕಾಫಿಯ ಕಹಿ ಮೆಚ್ಚುವವರಿಗೆ ಸ್ಟೌಟ್ ಎಂಬ ಕಪ್ಪು ಬಿಯರ್. ಹುರಿದ ಬಾರ್ಲಿಯ ಘಮ ತೀರಾ ತಣ್ಣಗಿದ್ದರೆ ಏಳುವುದಿಲ್ಲ; 10–12 ಡಿಗ್ರಿಗೆ ಬರಲಿ.

ಬೆಲೆಯಲ್ಲಿ ಮೂರೂ ಲಾಗರ್‌ಗಿಂತ ತುಟ್ಟಿ. ಗೋವಾದಲ್ಲಿ ಅಗ್ಗವೆಂದು ಪರ್ಮಿಟ್ ಇಲ್ಲದೆ ಮಾಜಾಳಿ ಗಡಿ ದಾಟಿಸಬೇಡಿ, ಅದು ಅಬಕಾರಿ ಅಪರಾಧ. ಅಲ್ಲೇ ಕುಡಿಯುವುದಾದರೆ ವಾಪಸ್ ಬರುವಾಗ ಗಾಡಿ ಬೇರೆಯವರು ಓಡಿಸಲಿ.