ಸಾಲು ಸಾಲು ಫೈಲ್‌ಗಳ ಹೆಸರು ಬದಲಿಸಲು ಯಾವ ಕಮಾಂಡ್ ವಾಸಿ?

ಹಳೆಯ ಪುಸ್ತಕ ಸ್ಕ್ಯಾನ್ ಮಾಡುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ‘ಪುಟ1’ರ ಹಿಂದೆಯೇ ‘ಪುಟ10’, ‘ಪುಟ100’ ಬಂದು ಕೂರುತ್ತವೆ, ‘ಪುಟ2’ ಎಲ್ಲೋ ಕೆಳಗೆ. ಹಾಗೇ ಪಿಡಿಎಫ್ ಮಾಡಿದರೆ ಪುಟಗಳೆಲ್ಲ ಅದಲುಬದಲು. ಎಲ್ಲವನ್ನೂ 001, 002, 010 ಎಂದು ಮೂರಂಕಿಗೆ ತರಬೇಕು. ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ಬೇರೆ ಬೇರೆ ಕಮಾಂಡ್‌ಗಳಿಗೆ ಕೊಟ್ಟು ನೋಡಿದೆ.

ಮೊದಲು ಒಂದು ಎಚ್ಚರಿಕೆ. ‘ರೀನೇಮ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಪ್ರೋಗ್ರಾಂಗಳಿವೆ. ಲಿನಕ್ಸ್‌ನ ಒಂದು ಬಗೆಯಾದ ಫೆಡೋರಾದಲ್ಲಿ ಸಿಗುವುದು ಯುಟಿಲ್-ಲಿನಕ್ಸ್ ಎಂಬ ಮೂಲ ಸಲಕರಣೆಗಳ ಕಂತೆಯದು, ಡೆಬಿಯನ್ ಮತ್ತು ಉಬುಂಟು ಎಂಬ ಇನ್ನೆರಡು ಬಗೆಗಳಲ್ಲಿ ಅದೇ ಹೆಸರಿನ ಪ್ಯಾಕೇಜ್ ಹಾಕಿಕೊಂಡರೆ ಬರುವುದು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯದು. ಒಂದಕ್ಕೆ ಬರೆದ ಸಾಲು ಇನ್ನೊಂದಕ್ಕೆ ನಡೆಯುವುದಿಲ್ಲ.

ಯುಟಿಲ್-ಲಿನಕ್ಸ್‌ನದು ಸರಳ: ಹಳೆಯ ತುಣುಕು, ಹೊಸ ತುಣುಕು, ಫೈಲ್‌ಗಳು, ಅಷ್ಟೇ. ಲೆಕ್ಕ ಅದಕ್ಕೆ ಬಾರದು, ಹಾಗಾಗಿ ಎರಡು ಸಲ ಓಡಿಸಬೇಕು. ಮೊದಲು ‘ಪುಟ?’ ಮಾದರಿಗೆ (ಒಂದು ‘?’ ಎಂದರೆ ಯಾವುದೇ ಒಂದು ಅಕ್ಷರ) ಹೊಂದುವ ಒಂದಂಕಿಯವಕ್ಕೆ ‘ಪುಟ’ದ ಜಾಗದಲ್ಲಿ ‘ಪುಟ00’, ಆಮೇಲೆ ‘ಪುಟ??’ ಮಾದರಿಯವಕ್ಕೆ ‘ಪುಟ0’. ಕೆಲಸವೇನೋ ಆಗುತ್ತದೆ. ಆದರೆ ಹೊಸ ಹೆಸರಿನ ಫೈಲ್ ಮೊದಲೇ ಇದ್ದರೆ ಕೇಳದೆ ಅದರ ಮೇಲೇ ಬರೆದುಬಿಡುತ್ತದೆ. ತಡೆಯಲು ‘-ಒ’ (-o) ಕೊಡಲೇಬೇಕು.

ಪರ್ಲ್‌ನದಕ್ಕೆ ಒಂದೇ ಸಾಲು ಸಾಕು. ಪಠ್ಯದ ಮಾದರಿಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ ಅಂಕಿ ಹಿಡಿದು, ಕೊನೆಯಲ್ಲಿ ‘ಇ’ (e) ಸೇರಿಸಿ, ಅಂಕಿಯನ್ನು ಬೇಕಾದ ಅಗಲಕ್ಕೆ ಬರೆಯುವ ‘ಎಸ್‌ಪ್ರಿಂಟ್‌ಎಫ್’ ಕರೆದರೆ ಸೊನ್ನೆಗಳು ತಾವೇ ಕೂಡಿಕೊಳ್ಳುತ್ತವೆ. ‘-ಎನ್’ (-n) ಕೊಟ್ಟರೆ ಏನನ್ನೂ ಮುಟ್ಟದೆ ಹಳೆಯ ಮತ್ತು ಹೊಸ ಹೆಸರುಗಳನ್ನು ತೋರಿಸುತ್ತದೆ. ಇರುವ ಫೈಲಿನ ಮೇಲೆ ತಾನಾಗಿ ಬರೆಯುವುದೂ ಇಲ್ಲ. ಕನ್ನಡ ಹೆಸರುಗಳಿದ್ದಾಗ ಮಾತ್ರ ಒಂದು ವಿಷಯ ನೆನಪಿರಲಿ: ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ‘ಪ’ ಮೂರು ಬೈಟ್. ಸುಮ್ಮನೆ ಬಿಟ್ಟರೆ, ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ‘ಯಾವುದೇ ಒಂದು ಅಕ್ಷರ’ ಎನ್ನುವ ಚುಕ್ಕಿ ಒಂದು ಬೈಟನ್ನಷ್ಟೇ ಹಿಡಿಯುತ್ತದೆ, ಅಕ್ಷರ ಒಡೆದು ಹೆಸರು ಕೆಡುತ್ತದೆ. ಅಂಕಿಗಳನ್ನಷ್ಟೇ ಮುಟ್ಟುವಾಗ ಈ ಭಯವಿಲ್ಲ.

ಎಂಎಂವಿ ಎಂಬ ಇನ್ನೊಂದು ಕಮಾಂಡ್‌ಗೆ ಸೊನ್ನೆಗಳನ್ನು ಲೆಕ್ಕ ಹಾಕಿ ತಾನಾಗಿ ತುಂಬಲು ಬಾರದು. ಆದರೆ ಒಂದು ಫೈಲನ್ನೂ ಬದಲಿಸುವ ಮೊದಲೇ ಎಲ್ಲಿ ಹೆಸರುಗಳು ಡಿಕ್ಕಿಯಾಗುತ್ತವೆಂದು ನೋಡುತ್ತದೆ, ಎರಡು ಫೈಲ್‌ಗಳ ಹೆಸರನ್ನು ಪರಸ್ಪರ ಅದಲುಬದಲು ಮಾಡಲೂ ಬಲ್ಲದು. ಆ ಜಾಗರೂಕತೆ ನನಗೆ ಬಹಳ ಹಿಡಿಸಿತು.

ಹೆಸರುಗಳಲ್ಲಿ ಯಾವ ಕ್ರಮವೂ ಇಲ್ಲದಿದ್ದರೆ ವಿಡಿರ್‌ಗೆ ಸಾಟಿಯಿಲ್ಲ. ಮೋರ್‌ಯುಟಿಲ್ಸ್ ಪ್ಯಾಕೇಜಿನ ಇದು ಫೋಲ್ಡರಿನ ಪಟ್ಟಿಯನ್ನೇ ಎಡಿಟರ್‌ನಲ್ಲಿ ತೆರೆಯುತ್ತದೆ. ತಿದ್ದಿ ಸೇವ್ ಮಾಡಿದರೆ ಮುಗಿಯಿತು. ಸಾಲು ಅಳಿಸಿದರೆ ಫೈಲೂ ಅಳಿಯುತ್ತದೆ, ಹುಷಾರು.

ಲಿನಕ್ಸ್‌ನಲ್ಲಿ ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್‌ನಲ್ಲೇ ಇರುವ, ಒಂದೊಂದೇ ಫೈಲಿಗೆ ಅದೇ ಕೆಲಸ ಮರುಕಳಿಸುವ ‘ಫಾರ್’ ಲೂಪ್ ಏನನ್ನೂ ಹೊಸದಾಗಿ ಹಾಕಲಾಗದ ಸರ್ವರ್‌ಗಳಿಗೆ ಸರಿ. ಉದ್ಧರಣ ಚಿಹ್ನೆ ಬಿಟ್ಟರೆ ಹೆಸರಿನ ನಡುವೆ ಸ್ಪೇಸ್ ಇರುವ ಫೈಲ್‌ಗಳಲ್ಲಿ ಎಡವುತ್ತದೆ.

ಸ್ಕ್ಯಾನ್ ಕೆಲಸಕ್ಕೆ ನನ್ನ ಆಯ್ಕೆ ಪರ್ಲ್‌ನ ರೀನೇಮ್, ಅದೂ ಮೊದಲ ಸಲ ಯಾವಾಗಲೂ ‘-ಎನ್’ ಜೊತೆಗೇ.