20×10 ಅಡಿ ಫ್ಲೆಕ್ಸ್‌ಗೆ ಯಾವ ಫೈಲ್ ಹಗುರ? ಪಿಎಸ್‌ಡಿ, ಟಿಫ್, ಜೆಪೆಗ್, ಕೋರೆಲ್ ಎಲ್ಲಾ ಹಾಕಿ ನೋಡಿದ್ದು

"ಫ್ಲೆಕ್ಸ್ ಆದ್ರೂ 300 ಡಿಪಿಐ ಇರ್ಲೇಬೇಕು" ಅನ್ನೋರು ಈಗಲೂ ಇದಾರೆ, ಅವ್ರಿಗೆ ಮೊದ್ಲು ಈ ಲೆಕ್ಕ ಕೊಟ್ಬಿಡ್ತೀನಿ. ಡಿಪಿಐ ಅಂದ್ರೆ ಒಂದಿಂಚಿಗೆ ಎಷ್ಟು ಪಿಕ್ಸೆಲ್ (ಚುಕ್ಕೆ) ಅಂತ. 20 ಅಡಿ ಅಂದ್ರೆ 240 ಇಂಚು, 10 ಅಡಿ ಅಂದ್ರೆ 120. 300ರಲ್ಲಿ ಮಾಡಿದ್ರೆ 72,000×36,000 ಪಿಕ್ಸೆಲ್, ಸಿಎಂವೈಕೆ (ಪ್ರಿಂಟಿನ ನಾಲ್ಕು ಬಣ್ಣ) ಆದ್ರೆ ಒಂದೊಂದು ಪಿಕ್ಸೆಲ್ಲಿಗೂ 4 ಬೈಟ್, ಲೇಯರ್ (ಒಂದರ ಮೇಲೊಂದು ಇಡೋ ಪದರ) ಒಂದೂ ಇಲ್ದೇನೇ 10 ಜಿಬಿ ದಾಟತ್ತೆ. ಪಿಎಸ್‌ಡಿ (ಫೋಟೋಶಾಪಿನ ಮಾಮೂಲಿ ಫೈಲ್) ಆಗಿ ಸೇವೇ ಆಗಲ್ಲ, ಅದರ ಮಿತಿ ಒಂದು ಬದಿಗೆ 30,000 ಪಿಕ್ಸೆಲ್, ಫೈಲ್ 2 ಜಿಬಿ. ಪಿಎಸ್‌ಬಿ (ಅದರದೇ ದೊಡ್ಡ ಫೈಲ್ ರೂಪ) ಮಾಡ್ಬೋದು, ಆದ್ರೆ ಸ್ಕ್ರ್ಯಾಚ್ ಡಿಸ್ಕ್ (ಕೆಲಸಕ್ಕೆ ಬಳಸೋ ಡಿಸ್ಕ್ ಜಾಗ) ಫುಲ್ ಅಂತ ಫೋಟೋಶಾಪ್ ಕೈ ಎತ್ತೋದು ನೋಡ್ಕೊಂಡು ಕೂತ್ಕೋಬೇಕು.

ನಾನು ಹೋಲಿಸಿದ್ದು ಒಂದೇ ಡಿಸೈನ್, ರಾಜ್ಯೋತ್ಸವದ್ದು. ಕೆಂಪು-ಹಳದಿ ಬ್ಯಾಕ್‌ಗ್ರೌಂಡು, ಎಡಕ್ಕೆ ಭುವನೇಶ್ವರಿ, ಬಲಕ್ಕೆ ಪದಾಧಿಕಾರಿಗಳ ತಲೆಗಳ ಸಾಲು (ಅದಿಲ್ದೇ ಫ್ಲೆಕ್ಸ್ ಎಲ್ಲಿದೆ), ಕೆಳಗೆ ಸಣ್ಣ ಅಕ್ಷರದಲ್ಲಿ ಮ್ಯಾಟರ್.

ಫುಲ್ ಸೈಜ್ 72 ಡಿಪಿಐನಲ್ಲಿ ಇದು 17,280×8,640 ಪಿಕ್ಸೆಲ್, ಕಂಪ್ರೆಸ್ ಮಾಡದ ಟಿಫ್ ಸುಮಾರು 600 ಎಂಬಿ. 50ಕ್ಕೆ ಇಳಿಸಿದ್ರೆ 288 ಎಂಬಿ, ಅಂದ್ರೆ ಅರ್ಧಕ್ಕಿಂತ ಕಮ್ಮಿ. ಎರಡನ್ನೂ ಪ್ರಿಂಟ್ ಹಾಕಿಸಿ ರಸ್ತೆ ಆಚೆಯಿಂದ ನೋಡಿದ್ರೆ ಮುಖಗಳಲ್ಲಿ ನನಗಂತೂ ಒಂದು ಚೂರೂ ವ್ಯತ್ಯಾಸ ಕಾಣ್ಲಿಲ್ಲ. ಎಲ್‌ಝಡ್‌ಡಬ್ಲ್ಯೂ (ಟಿಫ್ ಕುಗ್ಗಿಸೋ ಒಂದು ವಿಧಾನ) ಹಾಕಿದ್ರೆ ಪ್ಲೇನ್ ಬಣ್ಣದ ಜಾಗ ಚೆನ್ನಾಗಿ ಕುಗ್ಗತ್ತೆ, ಫೋಟೋ ಇರೋ ಕಡೆ ಹೆಚ್ಚೇನೂ ಉಳಿಯಲ್ಲ, ಆದ್ರೂ ಕ್ವಾಲಿಟಿ ಒಂದಿಷ್ಟೂ ಹೋಗಲ್ವಲ್ಲ, ಹಾಕಿ. ಸೇವ್ ಮಾಡೋ ಮುಂಚೆ ಫ್ಲ್ಯಾಟನ್ ಮಾಡೋದು (ಎಲ್ಲಾ ಲೇಯರ್ ಸೇರಿಸಿ ಒಂದೇ ಮಾಡೋದು) ಮರೀಬೇಡಿ, ಲೇಯರ್ ಇರೋ ಟಿಫ್ ಕೊಟ್ರೆ ಪ್ರಿಂಟ್ ಹಾಕೋ ಆಪರೇಟರ್ ಬಾಯಲ್ಲಿ ಏನ್ ಬರತ್ತೆ ಅಂತ ಇಲ್ಲಿ ಬರಿಯಕ್ಕಾಗಲ್ಲ.

1:10 ಸ್ಕೇಲಲ್ಲಿ (ಹತ್ತರಲ್ಲಿ ಒಂದು ಪಾಲು ಸೈಜಲ್ಲಿ) 720 ಡಿಪಿಐ ಇಟ್ರೆ ಫೈಲ್ ಹಗುರ ಆಗತ್ತೆ ಅಂತ ಒಂದು ನಂಬಿಕೆ ಇದೆ. ಆಗಲ್ಲ ಕಣ್ರೀ. 24 ಇಂಚು ಗುಣಿಸು 720 ಅದೇ 17,280. ಸ್ಕೇಲ್ ಬೇಕಾಗೋದು ಬೇರೆ ಕಾರಣಕ್ಕೆ, ಸಾಮಾನ್ಯ ಪಿಡಿಎಫ್ ಪುಟ 200 ಇಂಚಿಗೇ ನಿಲ್ಲತ್ತೆ, ಹಳೇ ಇಲ್ಲಸ್ಟ್ರೇಟರ್ ಆರ್ಟ್‌ಬೋರ್ಡ್ (ಅದರ ಪುಟ) 227ಕ್ಕೆ, ನಮ್ಮ 240 ಎರಡ್ರಲ್ಲೂ ಹಿಡಿಯಲ್ಲ. ಕೋರೆಲ್‌ಗೆ (ಕೋರೆಲ್ ಡ್ರಾ ಸಾಫ್ಟ್ವೇರು) ಆ ತಲೆನೋವಿಲ್ಲ, 150 ಅಡಿ ತನಕ ಪೇಜ್ ಹಾಕ್ಬೋದು.

ಜೆಪೆಗ್ ಅಂದ್ರೆ ಮೂಗು ಮುರಿಯೋರು ಜಾಸ್ತಿ, ನಾನ್ ಮುರಿಯಲ್ಲ. ಫೋಟೋಶಾಪಲ್ಲಿ ಕ್ವಾಲಿಟಿ 12ಕ್ಕೆ 10ರ ಮೇಲಿಟ್ಟು ಒಂದೇ ಸಲ ಸೇವ್ ಮಾಡಿದ್ರೆ ಟಿಫ್‌ನ ಸಣ್ಣ ಪಾಲಷ್ಟೇ ಸೈಜು, ಪ್ರಿಂಟಲ್ಲಿ ಯಾರೂ ಹೇಳಲಾರ್ರು. ಕ್ವಾಲಿಟಿ ಕೆಳಗಿಳಿಸಿದ್ರೆ ಮಾತ್ರ ಮೊದ್ಲು ಕೆಡೋದು ನಮ್ಮ ಬಾವುಟದ ಬಣ್ಣಾನೇ, ಕೆಂಪಿನ ಮೇಲಿರೋ ಹಳದಿ ಅಕ್ಷರದ ಅಂಚಲ್ಲಿ ಕೊಳಕು ಕೊಳಕಾಗಿ ಚುಕ್ಕೆ ಏಳತ್ತೆ. ಕಳಿಸೋವಾಗ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತಾನೇ ಕಳಿಸಿ, ಫೋಟೋ ಅಂತ ಕಳಿಸಿದ್ರೆ ಅದೇ ಕುಗ್ಗಿಸಿ ಹಾಳು ಮಾಡತ್ತೆ.

ಇಷ್ಟೆಲ್ಲದ್ರಲ್ಲೂ ನಿಜವಾಗ್ಲೂ ತೊಂದ್ರೆ ಕೊಟ್ಟಿದ್ದು ಫೋಟೋ ಅಲ್ಲ, ಅಕ್ಷರ. 50 ಡಿಪಿಐನಲ್ಲಿ ಒಂದಿಂಚು ಎತ್ತರದ ಸಾಲಿಗೆ ಸಿಗೋದು 50 ಪಿಕ್ಸೆಲ್, ಇಂಗ್ಲಿಷ್ ಆದ್ರೆ ಹೆಂಗೋ ನಡಿಯತ್ತೆ, ಆದ್ರೆ "ಸ್ತ್ರೀಶಕ್ತಿ ಸಂಘ" ಅಂತ ಬರೀಬೇಕಲ್ಲ, ಆ ಸ್ತ್ರೀ ಒಂದರಲ್ಲೇ ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಪಕ್ಕಕ್ಕೆ ದೀರ್ಘ. ಹತ್ರ ಹೋಗಿ ನೋಡಿದ್ರೆ ತಾವತ್ತು ರಾವತ್ತು ಎರಡೂ ಒಂದೇ ಮುದ್ದೆ.

ಅದಕ್ಕೇ ನನ್ನ ಓಟು ಕೋರೆಲ್‌ಗೆ. ಫೋಟೋ, ಬ್ಯಾಕ್‌ಗ್ರೌಂಡ್ ಎಲ್ಲಾ ಫೋಟೋಶಾಪಲ್ಲಿ 50ರಲ್ಲೇ ಫ್ಲ್ಯಾಟನ್ ಮಾಡಿ ಇಂಪೋರ್ಟ್ ಮಾಡ್ಕೋತೀನಿ, ಮ್ಯಾಟರ್ ಮಾತ್ರ ಅದರ ಮೇಲೆ ಕೋರೆಲಲ್ಲೇ ಟೈಪ್ ಮಾಡಿ ಕರ್ವ್ ಮಾಡ್ತೀನಿ, ಅಂದ್ರೆ ಅಕ್ಷರ ಫಾಂಟ್ ಬಿಟ್ಟು ಬರೀ ಆಕಾರ ಆಗತ್ತೆ. ಅಕ್ಷರ ವೆಕ್ಟರ್ (ಪಿಕ್ಸೆಲ್ ಅಲ್ಲ, ಗೆರೆ ಲೆಕ್ಕ) ಆಗಿರೋದ್ರಿಂದ ಎಷ್ಟು ದೊಡ್ಡದಾದ್ರೂ ಒತ್ತು ಚೂಪಾಗೇ ಇರತ್ತೆ, ಫೈಲ್‌ಗೆ ತೂಕಾನೂ ಸೇರಲ್ಲ. ಕರ್ವ್ ಮಾಡ್ದೇ ಕೊಟ್ರೆ ಮಾತ್ರ ಪ್ರಿಂಟ್ ಹಾಕೋರ ಸಿಸ್ಟಮಲ್ಲಿ ನುಡಿ ಫಾಂಟ್ ಇಲ್ದಿದ್ರೆ ಕನ್ನಡ ಹೋಗಿ ಯಾವ್ದೋ ಚಿಹ್ನೆಗಳ ಸಂತೆ ಬರತ್ತೆ. ಕಿರಿಕಿರಿ ಇಲ್ಲ ಅಂತಲ್ಲ, ಹೊಸ ವರ್ಷನ್ ಸಿಡಿಆರ್ (ಕೋರೆಲ್ ಫೈಲ್) ಹಳೇದ್ರಲ್ಲಿ ತೆರಿಯಲ್ಲ, ಕೆಳಗಿನ ವರ್ಷನ್‌ಗೆ ಸೇವ್ ಮಾಡ್ಬೇಕು, ಡ್ರಾಪ್ ಶ್ಯಾಡೋ ಮತ್ತೆ ಟ್ರಾನ್ಸ್‌ಪರೆನ್ಸಿ ಹಾಕಿದ್ರೆ ಕೆಲವು ಮಷೀನ್ ಕಡೆ ಬಿಳಿ ಡಬ್ಬ ಬರತ್ತೆ, ಹಂಗಾಗಿ ಶ್ಯಾಡೋನ ಫೋಟೋಶಾಪಲ್ಲೇ ಬ್ಯಾಕ್‌ಗ್ರೌಂಡ್ ಜೊತೆ ಮುಗಿಸ್ಬಿಡಿ.

ಆಪರೇಟರ್ ಟಿಫೇ ಬೇಕು ಅಂದ್ರೆ ಕೋರೆಲಿಂದ್ಲೇ 72ಕ್ಕೆ ಎಕ್ಸ್‌ಪೋರ್ಟ್ ಮಾಡಿ, ಸಣ್ಣ ಅಕ್ಷರ ಜಾಸ್ತಿ ಇದ್ರೆ 100. 3×6 ಅಡಿ ಸ್ಟ್ಯಾಂಡಿಗೆ ಈ ಲೆಕ್ಕ ಬೇಡ, ಅದನ್ನ ಜನ ಮುಂದೇನೇ ನಿಂತು ಓದ್ತಾರೆ, 150 ಇಡಿ, ಫುಲ್ ಸೈಜಲ್ಲೇ ಮಾಡಿದ್ರೂ 230 ಎಂಬಿ ಆಸುಪಾಸು.